ಅಲುಗದ ಅಲಗು

ಹಸುವನ್ನು ಕೊಳ್ಳುವವನು ಸುಳಿ ನೋಡುತ್ತಾನೆ. ಮನೆ ಕಟ್ಟುವವನು ಆಯ ನೋಡುತ್ತಾನೆ. ಮಗಳನ್ನು ಕೊಡುವವನು ಮನೆತನದಿಂದ ಹಿಡಿದು ಸಂಬಳದವರೆಗೆ ಎಲ್ಲವನ್ನೂ ನೋಡುತ್ತಾನೆ. ಕವಿಯಾದವನು ಒಂದು ಪದವನ್ನು ಆರಿಸಿಕೊಳ್ಳುವುದು ಹೇಗೆಂಬುದನ್ನು ಕುರಿತು ನಮ್ಮ ಆಲಂಕಾರಿಕರು ಗ್ರಂಥಗಳನ್ನೇ ಬರೆದಿಟ್ಟಿದ್ದಾರೆ. ಆದರೆ ಬೆಳಗಾದರೆ ಕೈಗೆ ಬರುವ ಒಂದು ಕತ್ತಿಯನ್ನು, ಒಂದು ಮಚ್ಚನ್ನು ಆರಿಸುವುದು ಹೇಗೆಂದು ಯಾರಾದರೂ ಕೇಳಿದರೆ ಓದು ಬರಹ ಬಲ್ಲ ನಾವು ತಬ್ಬಿಬ್ಬಾಗುತ್ತೇವೆ. ‘ಅದರಲ್ಲೇನಿದೆ, ಹರಿತವಾಗಿದ್ದರಾಯಿತು’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಕಾವ್ಯ ಹೇಗಿರಬೇಕೆಂದು ಕೇಳಿದವನಿಗೆ ‘ಪ್ರಾಸವಿದ್ದರಾಯಿತು’ ಎಂದು ಉತ್ತರ ಕೊಟ್ಟಂತೆ ಇದು.

ಅಮ್ಮಸಂದ್ರದಂಥ ಊರಿನಲ್ಲಿ ಇದ್ದುಕೊಂಡು ಈ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಹೊರಗಿನವರು ಈ ಊರನ್ನು ಸಿಮೆಂಟಿನ ಹೆಸರಿನಿಂದ ಬಲ್ಲರು. ಆದರೆ ರೈಲುಹಾದಿಯನ್ನು ದಾಟಿ ಯಾವ ದಿಕ್ಕಿಗೆ ನಡೆದರೂ ಎದುರಾಗುವುದು ತೆಂಗಿನ ತೋಟವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ಸೀಮೆಗಳ ಬದುಕು ಒಂದೇ ಮರವನ್ನು ನಂಬಿ ನಿಂತಿದೆ. ಆ ಮರದ ಗರಿ, ಗೊನೆ, ಕಾಯಿ, ಕರಟ ಯಾವುದೂ ಮಚ್ಚಿನ ಸಹಾಯವಿಲ್ಲದೆ ಮನುಷ್ಯನ ಉಪಯೋಗಕ್ಕೆ ಬರುವಂಥದಲ್ಲ. ಕಲ್ಪವೃಕ್ಷವೆಂದು ನಾವು ಹಾಡಿ ಹೊಗಳುವ ಮರ ಬೇಡಿದ್ದನ್ನು ಕೊಡುತ್ತದೆ, ನಿಜ; ಆದರೆ ಅದು ಕೊಡುವುದು ಕೈಯಲ್ಲಿ ಮಚ್ಚು ಹಿಡಿದು ಬೇಡಿದವನಿಗೆ ಮಾತ್ರ. ಇಂಥ ನಾಡಿನಲ್ಲಿಯೂ ಒಳ್ಳೆಯ ಮಚ್ಚು ಯಾವುದೆಂದು ಬಲ್ಲವರು ದಿನದಿನಕ್ಕೆ ವಿರಳವಾಗುತ್ತಿದ್ದಾರೆ. ಪೇಟೆಯ ಅಂಗಡಿಯಲ್ಲಿ ತೂಗುಹಾಕಿದ ಹೊಳೆಯುವ ಸಾಮಾನನ್ನು ಕಣ್ಣಿನಿಂದ ಆರಿಸಿ, ಕೈಯಿಂದ ಪಶ್ಚಾತ್ತಾಪ ಪಡುವುದು ವಾಡಿಕೆಯಾಗುತ್ತಿದೆ. ಇದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ.

ಕತ್ತಿಗಳಲ್ಲಿ ಎರಡು ಜಾತಿ. ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳುವಂಥದು ಒಂದು. ಮಡಿಸಲು ಬಾರದೆ ಅಲಗೂ ಹಿಡಿಯೂ ಒಂದೇ ನೇರದಲ್ಲಿ ನಿಂತಿರುವಂಥದು ಇನ್ನೊಂದು. ಮಡಿಸುವ ಚಾಕು ಪ್ರವಾಸಿಯ ಸೊತ್ತು. ಹಣ್ಣು ಹೆಚ್ಚುವುದಕ್ಕೂ ಪೆನ್ಸಿಲ್ ಚೂಪು ಮಾಡುವುದಕ್ಕೂ ಅದು ಸಾಕು. ಭಾರಿಯ ಪೆಟ್ಟು ಬಿದ್ದರೆ ಅದರ ಕೀಲು ಸಡಿಲವಾಗುತ್ತದೆ. ದುಡಿಮೆಗೆ ಬೇಕಾದದ್ದು ಅಲುಗದ ಅಲಗು. ನಮ್ಮ ಮಚ್ಚು, ಕುಡುಗೋಲು, ಮಲೆನಾಡಿನ ಕತ್ತಿ, ಕೊಡಗಿನ ಒಡಿಕತ್ತಿ, ಅಡುಗೆಮನೆಯ ಈಳಿಗೆ ಎಲ್ಲವೂ ಈ ಎರಡನೆಯ ಜಾತಿಗೆ ಸೇರಿದವು. ಈಳಿಗೆಯಂತೂ ಅಲುಗದಿರುವುದರ ಪರಾಕಾಷ್ಠೆ! ಅಲ್ಲಿ ಅಲಗು ಮಣೆಯ ಮೇಲೆ ಸ್ಥಿರವಾಗಿ ಕುಳಿತಿರುತ್ತದೆ. ತರಕಾರಿಯೇ ಅದರ ಬಳಿಗೆ ಬರಬೇಕು.

ಇಂಥ ಅಲಗನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಆಕಾರ ಯಾವುದು? ಉಕ್ಕು ಯಾವುದು? ಹಿಡಿ ಯಾವುದು? ಈ ಮೂರನ್ನೂ ಇದೇ ಕ್ರಮದಲ್ಲಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಅಂಗಡಿಗೆ ಹೋದ ನಮ್ಮ ಕಣ್ಣು ಮೊದಲು ಹಿಡಿಯ ಬಣ್ಣವನ್ನು, ಆಮೇಲೆ ಉಕ್ಕಿನ ಹೊಳಪನ್ನು ನೋಡುತ್ತದೆ. ಕೆಲಸಕ್ಕೆ ಒಪ್ಪುವ ಆಕಾರ ಯಾವುದೆಂಬ ವಿಚಾರ ಮನೆಗೆ ಬಂದ ಮೇಲೆ ಹೊಳೆಯುತ್ತದೆ. ಕ್ರಮ ತಲೆಕೆಳಗಾದುದರಿಂದ ಆಯ್ಕೆಯೂ ತಲೆಕೆಳಗಾಗುತ್ತದೆ.

ನಮ್ಮ ಹೋಬಳಿಯ ಕುಲುಮೆಯೊಂದರಲ್ಲಿ ವೃದ್ಧ ಕಮ್ಮಾರರೊಬ್ಬರ ಮುಂದೆ ನಿಂತು ಒಮ್ಮೆ ನಾನು, “ಆಚಾರ್ರೇ, ನನಗೊಂದು ಒಳ್ಳೆಯ ಮಚ್ಚು ಬೇಕು” ಎಂದೆ.

“ಒಳ್ಳೇ ಮಚ್ಚು ಅಂತ ಯಾವ್ದೂ ಇಲ್ಲ ಮೇಷ್ಟ್ರೇ. ಏನು ಕಡೀಬೇಕು ಅದನ್ನ ಹೇಳಿ” ಎಂದರು ಅವರು.

ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಒಂದು ಗ್ರಂಥವನ್ನೇ ಬರೆದು ಪ್ರತಿಪಾದಿಸಿದ ಔಚಿತ್ಯತತ್ತ್ವವನ್ನು ಆ ಹಿರಿಯರು ಒಂದು ವಾಕ್ಯದಲ್ಲಿ ಮುಗಿಸಿದರು. ತಾನಾಗಿಯೇ ಒಳ್ಳೆಯದು ಎಂಬುದಿಲ್ಲ; ಯಾವುದಕ್ಕೆ ಒಳ್ಳೆಯದು ಎಂಬುದುಂಟು. ಕೊರಳ ಹಾರವನ್ನು ಸೊಂಟಕ್ಕೆ ಸುತ್ತಿಕೊಂಡರೆ ಹೇಗೆ ಅಂದಗೆಡುವುದೋ ಹಾಗೆಯೇ ಗರಿ ಸವರುವ ಮಚ್ಚಿನಿಂದ ಕೊಬ್ಬರಿ ಒಡೆಯಲು ಹೋದರೆ ಕೆಲಸ ಕೆಡುತ್ತದೆ.

ತೆಂಗಿನ ಸೀಮೆಯ ಕೆಲಸಗಳನ್ನೇ ನೋಡಬಹುದು. ಮರ ಹತ್ತಿ ಒಣಗಿದ ಮಟ್ಟೆಯನ್ನೂ ಗೊನೆಯನ್ನೂ ಕಡಿಯುವವನಿಗೆ ಹಗುರವಾದ, ತುದಿ ತುಸು ಒಳಕ್ಕೆ ಬಾಗಿದ ಮಚ್ಚು ಬೇಕು. ಅರವತ್ತು ಅಡಿಯ ಎತ್ತರದಲ್ಲಿ ಒಂದು ಕೈ ಮರವನ್ನು ಅಪ್ಪಿರುವಾಗ ಇನ್ನೊಂದು ಕೈ ಬೀಸಬೇಕಾದ ಉಪಕರಣ ಅದು. ಬಾಗಿದ ತುದಿ ಮಟ್ಟೆಯನ್ನು ಹಿಡಿದು ಎಳೆಯುತ್ತದೆ. ಪೆಟ್ಟು ಜಾರಿ ಕಾಲಿನ ಕಡೆಗೆ ಬರುವುದನ್ನು ತಪ್ಪಿಸುತ್ತದೆ. ಎಳನೀರು ಕೆತ್ತುವವನಿಗೆ ಬೇಕಾದದ್ದು ಬೇರೆ. ಅವನ ಮಚ್ಚು ಅಗಲವಾಗಿ, ಮುಂಭಾರವಾಗಿ ಇರಬೇಕು. ಹಸಿ ಸಿಪ್ಪೆಯನ್ನು ಒಂದೊಂದೇ ಏಟಿಗೆ ಹಾರಿಸುವ ಬಲ ಅಲಗಿನ ತೂಕದಿಂದ ಬರಬೇಕೇ ಹೊರತು ತೋಳಿನಿಂದಲ್ಲ. ದಿನಕ್ಕೆ ನೂರಾರು ಕಾಯಿ ಕೆತ್ತುವವನ ಭುಜ ಸಂಜೆಗೆ ನೋಯುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಆ ತೂಕ ಎಲ್ಲಿ ಕುಳಿತಿದೆ ಎಂಬುದೇ.

ಮೂರನೆಯ ಕೆಲಸ ಇನ್ನೂ ನಾಜೂಕು. ಈ ಸೀಮೆಯ ಹೆಸರು ದೇಶದಲ್ಲೆಲ್ಲ ಹರಡಿರುವುದು ಉಂಡೆ ಕೊಬ್ಬರಿಯಿಂದ. ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡ ಮೇಲೆ, ಸಿಪ್ಪೆ ಸುಲಿದು, ಕರಟವನ್ನು ಮಾತ್ರ ಒಡೆದು ಉಂಡೆಯನ್ನು ಗಾಯವಿಲ್ಲದೆ ಹೊರತೆಗೆಯಬೇಕು. ಏಟು ಕರಟಕ್ಕೆ ತಾಗಬೇಕು, ಕೊಬ್ಬರಿಗೆ ತಾಗಬಾರದು. ಒಡೆದ ಉಂಡೆಗೂ ಇಡಿಯ ಉಂಡೆಗೂ ತಿಪಟೂರಿನ ಮಾರುಕಟ್ಟೆಯಲ್ಲಿ ಒಂದೇ ಬೆಲೆ ಸಿಗುವುದಿಲ್ಲ. ಈ ಕೆಲಸಕ್ಕೆ ಸಣ್ಣ, ಗಿಡ್ಡ, ಮಾತು ಕೇಳುವ ಮಚ್ಚು ಬೇಕು. ಅದು ತೀರ ಹರಿತವಾಗಿದ್ದರೂ ಕಷ್ಟ. ಕರಟವನ್ನು ಸೀಳಿಕೊಂಡು ಒಳಕ್ಕೇ ಇಳಿಯುತ್ತದೆ. ‘ಹರಿತವಾಗಿದ್ದರಾಯಿತು’ ಎನ್ನುವವರು ಕೊಬ್ಬರಿ ಒಡೆಯುವ ಹೆಂಗಸರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ನೋಡಬೇಕು. ಒಂದು ವರ್ಷದ ಕಾಯುವಿಕೆಯ ಫಲ ಅರ್ಧ ಅಂಗುಲದ ಅಳತೆಯಲ್ಲಿ ನಿಂತಿರುವುದು ಅಲ್ಲಿ ಕಾಣುತ್ತದೆ.

ಕೊಡಗಿನವರಲ್ಲಿ ಈ ವಿವೇಕ ಸಂಸ್ಕಾರವೇ ಆಗಿದೆ. ಮುಂದೆ ನಡುಪಟ್ಟಿಯಲ್ಲಿ ಧರಿಸುವ ಪೀಚೆಕತ್ತಿಯೇ ಬೇರೆ. ಬೆನ್ನ ಹಿಂದೆ ತೊಡಂಗದಲ್ಲಿ ಸಿಕ್ಕಿಸುವ ಅಗಲವಾದ ಒಡಿಕತ್ತಿಯೇ ಬೇರೆ. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿಯೇ ಬೇಕು. ಬೆಳ್ಳಿ ಕಟ್ಟಿದ ಪೀಚೆಕತ್ತಿ ಎಷ್ಟು ಚೆಲುವಾಗಿದ್ದರೂ ಅಲ್ಲಿಗೆ ಬಾರದು.

ಇನ್ನು ಉಕ್ಕಿನ ಮಾತು. ಇಲ್ಲಿ ಕನ್ನಡದ ಅಧ್ಯಾಪಕನಿಗೆ ಸ್ವಲ್ಪ ಸಲುಗೆ ಕೊಡಬೇಕು. ಕಬ್ಬಿಣವೆಂಬ ಮಾತು ಹಳಗನ್ನಡದ ಕರ್ಬುನ; ಕರಿಯ ಪೊನ್, ಎಂದರೆ ಕಪ್ಪು ಲೋಹ. ಉಕ್ಕು ಹಿಂದೆ ಉರ್ಕು. ಕರಗುವುದೆಂಬ ಅರ್ಥದ ದ್ರಾವಿಡ ಧಾತುವಿನೊಡನೆ ಅದರ ನೆಂಟಸ್ತಿಕೆ. ಕುಡುಗೋಲಿನಲ್ಲಿರುವ ಕುಡು ಎಂದರೆ ಬಾಗಿದ್ದು, ವಕ್ರವಾದದ್ದು. ಕತ್ತಿಯ ಹಳೆಯ ಹೆಸರು ಬಾಳ್. ಬದುಕುವುದೆಂಬ ಅರ್ಥದ ಬಾೞ್ ಬೇರೆಯ ಮಾತು, ಬೇರೆಯ ಅಕ್ಷರ. ಆ ಹಳೆಯ ೞಕಾರ ನಮ್ಮ ನಾಲಗೆಯಿಂದ ಅಳಿದುಹೋದ ಮೇಲೆ ಕತ್ತಿಯೂ ಬದುಕೂ ಕನ್ನಡದಲ್ಲಿ ಒಂದೇ ಉಚ್ಚಾರಣೆಗೆ ಬಂದು ನಿಂತವು. ಭಾಷೆಯಲ್ಲಿ ಇದು ಆಕಸ್ಮಿಕ. ತೆಂಗಿನ ಸೀಮೆಯಲ್ಲಿ ಇದು ದಿನನಿತ್ಯದ ಸತ್ಯ.

ಉಕ್ಕೆಂಬ ಈ ಮಾತು ಸಮುದ್ರ ದಾಟಿ ಹೋದದ್ದೂ ಉಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತದ ಮೂಸೆಯುಕ್ಕಿನ ಗಟ್ಟಿಗಳು ಇಂಗ್ಲೆಂಡಿಗೆ ಹೋದಾಗ ಅಲ್ಲಿನವರು ಅದನ್ನು ‘ವೂಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ಉಕ್ಕಿನಿಂದಲೇ ಬಂದುದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕನ್ನು ಕುರಿತು ಪ್ರಬಂಧ ಓದಿದನು. ಸ್ಟೊಡಾರ್ಟ್ ಎಂಬ ಕತ್ತಿ ಚಾಕುಗಳ ತಯಾರಕನು ಅದರಿಂದ ಸಣ್ಣ ಚಾಕುವನ್ನು ಬಡಿದು ಅದರ ಗುಣವನ್ನು ಮೆಚ್ಚಿಕೊಂಡನು. ಮುಂದೆ ೧೮೨೦ರ ಹೊತ್ತಿಗೆ ಅದೇ ಸ್ಟೊಡಾರ್ಟನೂ ಮೈಕೇಲ್ ಫ್ಯಾರಡೆಯೂ ಕೂಡಿ ಈ ಉಕ್ಕಿನ ಗುಟ್ಟನ್ನು ಭೇದಿಸಲು ಹಲವು ಪ್ರಯೋಗಗಳನ್ನು ಮಾಡಿದರು. ವಿದ್ಯುತ್ತಿನ ತತ್ತ್ವಗಳನ್ನು ಜಗತ್ತಿಗೆ ತಿಳಿಸಿಕೊಟ್ಟ ಆ ಫ್ಯಾರಡೆ ಒಬ್ಬ ಕಮ್ಮಾರನ ಮಗನೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಈ ಕಥೆಯ ಒಂದು ಎಳೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಕಡೆಗೂ ಬಂದಿದ್ದನು. ಇಲ್ಲಿನ ಸೀಮೆಗಳ ಕಬ್ಬಿಣ ಉಕ್ಕುಗಳ ಕೆಲಸವನ್ನು ಅವನು ತನ್ನ ಪ್ರವಾಸಕಥನದಲ್ಲಿ ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಇದ್ದಲಿನ ಉರಿಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಕಡ್ಡಿ, ಎಲೆಗಳಲ್ಲಿದ್ದ ಇಂಗಾಲ ಕಬ್ಬಿಣದೊಳಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಹಳದಿ ಹೂ ಬಿಟ್ಟುಕೊಂಡು ನಮ್ಮ ಬೇಲಿಯ ಬದಿಯಲ್ಲಿ ನಿಂತಿರುವ ತಂಗಡಿಯನ್ನು ನೋಡಿದಾಗ ನಮ್ಮಲ್ಲಿ ಎಷ್ಟು ಜನರಿಗೆ ಇದು ನೆನಪಾಗುತ್ತದೆ? ಚಿಕ್ಕನಾಯಕನಹಳ್ಳಿಯ ಬೆಟ್ಟಗಳ ಅದಿರು ನಮ್ಮ ಕಾಲದಲ್ಲಿ ಲಾರಿಗಳ ಮೇಲೆ ಹೊರಟು, ೨೦೧೧ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಹಿಡಿದಾಗ ಸುದ್ದಿಯಾಯಿತು. ಅದೇ ನೆಲದಲ್ಲಿ ಉಕ್ಕಿನ ವಿದ್ಯೆಯೂ ಇತ್ತೆಂಬುದು ಸುದ್ದಿಯಾಗಲೇ ಇಲ್ಲ.

ಅದಂತಿರಲಿ. ಮೂಸೆಯುಕ್ಕಿನ ಕಾಲ ಮುಗಿದು ಬಹಳ ದಿನವಾಯಿತು. ಇಂದು ನಮ್ಮ ಕುಲುಮೆಗಳಲ್ಲಿ ಮಚ್ಚಾಗುವುದು ಹಳೆಯ ಲಾರಿಯ ಕಮಾನುಪಟ್ಟಿ. ಇದನ್ನು ಗುಜರಿಯೆಂದು ಹೀಗಳೆಯುವವರಿದ್ದಾರೆ. ಅವರು ವಿಷಯವನ್ನು ಅರಿಯರು. ಕಮಾನುಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಅರ್ಧದಿಂದ ಮುಕ್ಕಾಲಿನ ಒಳಗೆ ಇಂಗಾಲವಿರುತ್ತದೆ. ಕಟ್ಟಡಕ್ಕೆ ಬಳಸುವ ಮೆದು ಕಬ್ಬಿಣದಲ್ಲಿ ಅದರ ಅರ್ಧವೂ ಇರುವುದಿಲ್ಲವಾದ್ದರಿಂದ ಅದು ಹದವನ್ನೇ ಹಿಡಿಯದು. ಅದರ ಬಾಯಿ ನಾಲ್ಕು ಏಟಿಗೆ ಮಡಿಚಿಕೊಳ್ಳುತ್ತದೆ. ಅರದ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದನ್ನು ಮೀರುತ್ತದೆ. ಸಣ್ಣ ಚಾಕುವಿಗೆ ಅದು ಉತ್ತಮ, ಆದರೆ ಮಚ್ಚಿನ ಪೆಟ್ಟಿಗೆ ಗಾಜಿನಂತೆ ಚಕ್ಕೆ ಎದ್ದೀತು. ಗುಂಡಿಬಿದ್ದ ರಸ್ತೆಯ ಮೇಲೆ ಲಾರಿಯ ಭಾರವನ್ನು ವರ್ಷಗಟ್ಟಲೆ ಹೊತ್ತು, ಬಾಗಿ, ಮುರಿಯದೆ ಮತ್ತೆ ನೆಟ್ಟಗಾದ ಉಕ್ಕಿಗಿಂತ ಪೆಟ್ಟು ತಾಳುವ ಉಕ್ಕು ಮತ್ತಾವುದು? ಆದರೆ ಗುಜರಿಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಎಲ್ಲ ಪಟ್ಟಿಯೂ ಒಂದೇ ಗುಣದ್ದಲ್ಲ. ಬಲ್ಲ ಕಮ್ಮಾರ ಅದನ್ನು ಸಾಣೆಗಲ್ಲಿಗೆ ಹಿಡಿದು ಕಿಡಿ ನೋಡುತ್ತಾನೆ. ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹಾರುತ್ತದೆ. ಇಂಗಾಲವುಳ್ಳ ಉಕ್ಕಿನ ಕಿಡಿ ಹೂವಾಗಿ ಒಡೆಯುತ್ತದೆ.

ಉಕ್ಕು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಉಕ್ಕಿಗಿಂತ ದೊಡ್ಡದು ಹದ. ಕುಲುಮೆಯ ಒಳಗೆ ಯಾವಾಗಲೂ ಅರೆಗತ್ತಲೆ ಇರುವುದನ್ನು ವಾಚಕರು ಗಮನಿಸಿರಬಹುದು. ಅದು ಬಡತನದ ಗುರುತಷ್ಟೇ ಅಲ್ಲ; ಕಾದ ಉಕ್ಕಿನ ಬಣ್ಣವನ್ನು ಬಿಸಿಲಿನಲ್ಲಿ ಓದಲು ಬರುವುದಿಲ್ಲ. ಎಂಟುನೂರು ಡಿಗ್ರಿ ಸೆಲ್ಷಿಯಸ್ಸಿನ ಆಸುಪಾಸಿನಲ್ಲಿ ಉಕ್ಕು ಕೆಂಪಗೆ ಬೆಳಗುವ ಒಂದು ಗಳಿಗೆಯುಂಟು. ಆಗ ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಆ ಗಳಿಗೆಯಲ್ಲಿ ಬಾಯಿಯ ಅಂಚನ್ನು ಮಾತ್ರ ನೀರಿಗೋ ಎಣ್ಣೆಗೋ ಅದ್ದಿದರೆ ಅಂಚು ಗಡಸಾಗುತ್ತದೆ, ಗಡಸಿನ ಜೊತೆಗೆ ಪೆಡಸೂ ಆಗುತ್ತದೆ. ಆ ಪೆಡಸುತನವನ್ನು ಇಳಿಸಬೇಕು. ಕಮ್ಮಾರ ಅಂಚನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆಗೆ ಹರಿದು ಬರುವುದನ್ನು ಕಾಯುತ್ತಾನೆ. ಇನ್ನೂರ ಇಪ್ಪತ್ತು ಮೂವತ್ತು ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಜೇನಿನ ಕಂದು, ಆಮೇಲೆ ನೇರಳೆ, ಮುನ್ನೂರರ ಹೊತ್ತಿಗೆ ನವಿಲಿನ ಕತ್ತಿನ ನೀಲಿ. ಹಣ್ಣು ತರಕಾರಿ ಹೆಚ್ಚುವ ಚಾಕುವಾದರೆ ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಮಚ್ಚಾದರೆ ನೇರಳೆ ನೀಲಿಗಳವರೆಗೆ ಹೋಗಬೇಕು. ಬಣ್ಣಗಳ ಈ ಮೆರವಣಿಗೆ ನಡೆಯುವುದು ಕೆಲವೇ ಕ್ಷಣ. ಕಣ್ಣು ರೆಪ್ಪೆ ಹೊಡೆದರೆ ಹದ ತಪ್ಪಿತು. ಕಾಗುಣಿತ ತಪ್ಪಿದರೆ ವಿದ್ಯಾರ್ಥಿ ತಿದ್ದಿಕೊಂಡಾನು. ಹದ ತಪ್ಪಿದ ಅಲಗಿನ ಚಕ್ಕೆ ಹಾರಿ ಕಣ್ಣಿಗೆ ಬಿದ್ದರೆ ತಿದ್ದಿಕೊಳ್ಳುವುದೇನು?

ಇಲ್ಲಿ ತುಕ್ಕು ಹಿಡಿಯದ ಉಕ್ಕಿನ ಪಕ್ಷವನ್ನೂ ಕೇಳಬೇಕು. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕನ್ನು ತಯಾರಿಸಿದಾಗಿನಿಂದ ಅಡುಗೆಮನೆಯ ಸ್ಥಿತಿ ಬದಲಾಯಿತು. ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ನಿಂಬೆ, ಮಾವಿನಕಾಯಿ, ಟೊಮೆಟೊ ಹೆಚ್ಚುವವರಿಗೆ ಇದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವುದು ಹಟಮಾರಿತನ. ಆದರೆ ಎರಡು ಮಾತು. ಪಾತ್ರೆ ಮಾಡುವ ಸ್ಟೀಲಿನ ತಗಡನ್ನೇ ಕತ್ತರಿಸಿ ಮಾಡಿದ ಚಾಕು ಎಷ್ಟು ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಅದು ಹೊಳೆಯುತ್ತದೆ, ಕೊಯ್ಯುವುದಿಲ್ಲ. ಚಾಕುವಿಗೆಂದೇ ತಯಾರಿಸಿದ ಸ್ಟೀಲಿನ ಜಾತಿಯೇ ಬೇರೆ. ಎರಡನೆಯದಾಗಿ, ಆ ಉಕ್ಕಿನ ಮಚ್ಚು ಬಾಯಿ ಮುರಿದರೆ ಹಳ್ಳಿಯ ಕುಲುಮೆಯಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲ. ಕಮಾನುಪಟ್ಟಿಯ ಮಚ್ಚನ್ನು ವರ್ಷಕ್ಕೊಮ್ಮೆ ತಟ್ಟಿಸಿ, ಹದ ಹಾಕಿಸಿ, ಸವೆದು ಅರ್ಧವಾಗುವವರೆಗೆ ಬಳಸಬಹುದು. ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳಲಾದೀತೇ ಎಂಬ ಗಾದೆ ಹೊಳಪಿಗೆ ಮರುಳಾಗುವವರನ್ನು ಕಂಡೇ ಹುಟ್ಟಿರಬೇಕು.

ತುಕ್ಕಿಗೆ ಮದ್ದು ನಮ್ಮ ಮನೆಯಲ್ಲಿಯೇ ಇದೆ: ಕೆಲಸವಾದ ಮೇಲೆ ಒರೆಸಿ, ಬಟ್ಟೆಯ ತುದಿಯಲ್ಲಿ ಎರಡು ಹನಿ ಕೊಬ್ಬರಿಯೆಣ್ಣೆ. ಹಸಿ ಮಟ್ಟೆ ಕಡಿದ ಮಚ್ಚಿನ ಮೇಲೆ ಕೂರುವ ಕಪ್ಪು ಬಣ್ಣಕ್ಕೆ ಹೇಸಬೇಕಾಗಿಲ್ಲ. ಸಿಪ್ಪೆಯ ಒಗರು ಕಬ್ಬಿಣದೊಡನೆ ಸೇರಿ ಹುಟ್ಟುವ ಬಣ್ಣ ಅದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಮಸಿ ಮಾಡುತ್ತಿದ್ದುದು ಇದೇ ನಿಯಮದಿಂದ. ಮಚ್ಚಿನ ಕಪ್ಪಿಗೂ ಮಸಿಯ ಕಪ್ಪಿಗೂ ಇರುವ ಈ ಸಂಬಂಧವನ್ನು ಬರಹವನ್ನು ನಂಬಿದ ನಾವು ಕೀಳಾಗಿ ಕಾಣಬಾರದು.

ಮೂರನೆಯದು ಹಿಡಿ. ಅಲಗಿಗೆ ಕೊಡುವ ಗಮನದಲ್ಲಿ ಕಾಲು ಪಾಲನ್ನೂ ಹಿಡಿಗೆ ನಾವು ಕೊಡುವುದಿಲ್ಲ. ಆದರೆ ದಿನವಿಡೀ ಮನುಷ್ಯನ ಕೈ ಮುಟ್ಟುವುದು ಹಿಡಿಯನ್ನೇ ಹೊರತು ಅಲಗನ್ನಲ್ಲ. ಹಿಡಿಗೆ ಕರಿಜಾಲಿ ಒಳ್ಳೆಯದು. ಹುಣಸೆಯ ಚೇಗು ಒಳ್ಳೆಯದು. ಕಾಡಿನ ಬದಿಯವರಿಗೆ ದಿಂಡಿಗ ಸಿಕ್ಕರೆ ಅದಕ್ಕಿಂತ ಮೇಲಿನದಿಲ್ಲ. ಇವೆಲ್ಲ ಪೆಟ್ಟಿನ ಅದಿರನ್ನು ತಾವು ನುಂಗಿಕೊಂಡು ಕೈಯನ್ನು ಕಾಯುವ ಮರಗಳು. ತೆಂಗಿನ ಸೀಮೆಯಲ್ಲಿ ತೆಂಗಿನ ಮರದ ಹಿಡಿಯೇ ಏಕಾಗಬಾರದೆಂದು ಕೇಳಬಹುದು. ಅದರ ಹೊರಪದರ ಗಟ್ಟಿಯಾದರೂ ನಾರು ಸಿಗುರೆದ್ದು ಅಂಗೈಯನ್ನು ಚುಚ್ಚುತ್ತದೆ. ಬೀಟೆ ಚೆಲುವಾದದ್ದು, ಆದರೆ ಅಷ್ಟು ಬೆಲೆಯ ಮರ ಹೊಲಕ್ಕೆ ಬೇಡ. ಜಿಂಕೆಯ ಕೊಂಬಿನ ಹಿಡಿಯ ಆಸೆಯನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಗಿಸಿದೆ; ಮುಗಿಸಿದ್ದೂ ನ್ಯಾಯವೇ. ಕಬ್ಬಿಣದ ಕೊಳವೆಯನ್ನೇ ಹಿಡಿಯಾಗಿ ಬೆಸೆದ ಮಚ್ಚುಗಳೂ ಬಂದಿವೆ. ಅವು ಮುರಿಯುವುದಿಲ್ಲ, ನಿಜ. ಆದರೆ ಪ್ರತಿ ಪೆಟ್ಟಿನ ನಡುಕವೂ ಮೊಣಕೈಗೆ ಏರುತ್ತದೆ, ಬಿಸಿಲಿನಲ್ಲಿ ಬಿಟ್ಟರೆ ಮುಟ್ಟಲಾಗುವುದಿಲ್ಲ. ಅದಕ್ಕೇ ಜನ ಅದರ ಮೇಲೆ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿಕೊಳ್ಳುತ್ತಾರೆ. ಬಣ್ಣದ ಪ್ಲಾಸ್ಟಿಕ್ ಹಿಡಿ ಒದ್ದೆಗೆ ಊದುವುದಿಲ್ಲವೆಂಬುದು ಅದರ ಗುಣ. ಬೆವರಿದ ಕೈಯಲ್ಲಿ ಜಾರುವುದು ಅದರ ದೋಷ.

ಮರ ಯಾವುದಾದರೂ ಚೆನ್ನಾಗಿ ಒಣಗಿರಬೇಕು. ಹಸಿಮರದ ಹಿಡಿ ಹಾಕಿಸಿದರೆ ಬೇಸಗೆಯಲ್ಲಿ ಅದು ಕುಗ್ಗಿ ಅಲಗು ಸಡಿಲವಾಗುತ್ತದೆ. ಹಿಡಿಯೊಳಕ್ಕೆ ಇಳಿಯುವ ಅಲಗಿನ ಬಾಲ ಅರ್ಧಕ್ಕೇ ನಿಲ್ಲದೆ ಹಿಡಿಯ ಕೊನೆಯವರೆಗೆ ಹಾದು, ಆಚೆಗೆ ಮಡಿಸಿ ಬಡಿದಿರಬೇಕು. ಹಿಡಿಯ ಕತ್ತಿಗೆ ಕಬ್ಬಿಣದ ಬಳೆ ಬಿಗಿದಿರಬೇಕು. ಆಕಾರ ದುಂಡಗಿರಬಾರದು, ಮೊಟ್ಟೆಯಂತೆ ಚಪ್ಪಟೆಯಾಗಿರಬೇಕು. ಆಗ ಕತ್ತಲೆಯಲ್ಲಿಯೂ ಬಾಯಿ ಯಾವ ಕಡೆಗಿದೆಯೆಂಬುದನ್ನು ಅಂಗೈ ತಾನೇ ಅರಿಯುತ್ತದೆ. ತುದಿ ಸ್ವಲ್ಪ ಉಬ್ಬಿರ‍ಬೇಕು, ಬೀಸಿದಾಗ ಕೈಜಾರದು. ನಾನು ಹೇಳಿದ ಆ ಹಿರಿಯರು ಹಿಡಿ ಕೆತ್ತುವ ಮೊದಲು, “ಎಲ್ಲಿ, ಕೈ ಕೊಡಿ ನೋಡಾನ” ಎಂದು ನನ್ನ ಅಂಗೈಯ ಅಳತೆಯನ್ನು ತಮ್ಮ ಬೆರಳಿನಿಂದ ತೆಗೆದುಕೊಂಡರು. ಯಾವ ಕಾರ್ಖಾನೆಯೂ ನಮ್ಮ ಕೈಯನ್ನು ಹಾಗೆ ಕೇಳಿಲ್ಲ. ಮರದ ತುದಿಯಲ್ಲಿರುವವನ ಮಚ್ಚು ಹಿಡಿಯಿಂದ ಕಳಚಿದರೆ ಕೆಳಗೆ ಕಾಯಿ ಆಯುತ್ತಿರುವವರ ಗತಿಯೇನೆಂದು ಯೋಚಿಸಿದರೆ ಈ ವಿವರಗಳು ಯಾರಿಗೂ ಅತಿಯೆನಿಸಲಾರವು. ಹಳಬರು ಹಿಡಿಗೆ ಕಾವು ಎನ್ನುತ್ತಿದ್ದರು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯಲ್ಲಿ ಮಾತ್ರ ಈಗ ಆ ಪದ ಉಸಿರಾಡುತ್ತಿದೆ.

ಪದದ ಮಾತು ಬಂದಿತಾದ್ದರಿಂದ ನನ್ನ ಮುಖ್ಯ ದುಃಖವನ್ನು ಹೇಳಿಬಿಡುತ್ತೇನೆ. ಇಂದು ತರಗತಿಯಲ್ಲಿ ‘ಮಚ್ಚು’ ಎಂದರೆ ಹುಡುಗರು ನಗುತ್ತಾರೆ. ಅವರ ಮನಸ್ಸಿಗೆ ಬರುವುದು ತೆಂಗಿನ ತೋಟವಲ್ಲ, ಸಿನಿಮಾದ ರೌಡಿ. ೧೯೯೫ರ ‘ಓಂ’ ಚಿತ್ರದ ಯಶಸ್ಸಿನ ತರುವಾಯ ನಮ್ಮ ತೆರೆಯ ಮೇಲೆ ಲಾಂಗು ಮಚ್ಚುಗಳ ಸುಗ್ಗಿಯೇ ನಡೆಯಿತು. ಪತ್ರಿಕೆಗಳ ಅಪರಾಧ ಪುಟವೂ ಆ ಪದವನ್ನು ದಿನವೂ ರಕ್ತದಲ್ಲಿ ಅದ್ದಿ ತೆಗೆಯುತ್ತದೆ. ದುಡಿಯುವವರ ಮನೆಯ ಒಂದು ಮಾತು ಹೀಗೆ ಕೊಲೆಗಡುಕರ ಪಾಲಾಯಿತು. ಇದಕ್ಕಿಂತ ಕಾನೂನೇ ಹೆಚ್ಚು ವಿವೇಕಶಾಲಿ. ೧೯೫೯ರ ಆಯುಧ ಕಾಯ್ದೆಯ ಅಡಿಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುವಾಗಲೂ ಮನೆಗೆಲಸಕ್ಕೆ, ವ್ಯವಸಾಯಕ್ಕೆ, ಕೈಗಾರಿಕೆಗೆ ಎಂದು ಮಾಡಿದವನ್ನು ಆ ಲೆಕ್ಕದಿಂದ ಹೊರಗಿಟ್ಟಿವೆ. ಏನು ಕಡಿಯಬೇಕೆಂಬ ಕಮ್ಮಾರನ ಪ್ರಶ್ನೆಯನ್ನೇ ಕಾನೂನೂ ಕೇಳುತ್ತದೆ.

ಮಚ್ಚನ್ನು ಆರಿಸುವುದೆಂದರೆ ಕೊನೆಗೆ ಅದನ್ನು ಮಾಡುವವನನ್ನು ಆರಿಸುವುದು. ಹಿಂದೆ ಕಮ್ಮಾರ ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಧಾನ್ಯ ಪಡೆದು ವರ್ಷವಿಡೀ ಊರಿನ ಕುಳ, ಕುಡುಗೋಲುಗಳನ್ನು ಕಾಯುತ್ತಿದ್ದನು. ಆ ವ್ಯವಸ್ಥೆಯಲ್ಲಿ ಅವನಿಗೆ ಅನ್ನವಿತ್ತು, ಸಮಾನವಾದ ಗೌರವವಿತ್ತೆಂದು ಹೇಳಲಾರೆ. ಅದು ಮರಳಿ ಬರಬೇಕೆಂದು ನಾನು ಬಯಸುವವನಲ್ಲ. ಬೆಂಕಿಯ ಮುಂದೆ ಬೆಂದ ತಂದೆ ತನ್ನ ಮಗ ನೆರಳಿನಲ್ಲಿ ಕುಳಿತು ದುಡಿಯಲಿ ಎಂದು ಬಯಸಿದರೆ ತಪ್ಪೆನ್ನುವ ಹಕ್ಕು ನೆರಳಿನಲ್ಲಿ ಕುಳಿತಿರುವ ನನಗಿಲ್ಲ. ಕಾರ್ಖಾನೆಯ ಸಾಮಾನು ಒಂದೇ ಅಳತೆಯದು, ಕೇಳಿದ ಕೂಡಲೆ ಸಿಗುವಂಥದು ಎಂಬ ವಾದದಲ್ಲಿಯೂ ಸತ್ತ್ವವಿದೆ. ಆದರೆ ನಾವು ಚೌಕಾಸಿ ಮಾಡಿ ಕುಲುಮೆಯನ್ನು ಮುಚ್ಚಿಸಿ, ಆಮೇಲೆ ‘ಹಳೆಯ ಕಾಲದ ಮಚ್ಚು ಈಗೆಲ್ಲಿ’ ಎಂದು ನಿಟ್ಟುಸಿರು ಬಿಡುವುದು ಪ್ರಾಮಾಣಿಕವಲ್ಲ. ಎರಡು ದಿನದ ದುಡಿಮೆಗೆ ಎರಡು ದಿನದ ಕೂಲಿ ಕೊಟ್ಟರೆ ಕುಲುಮೆ ಉಳಿದೀತು, ಕರುಣೆಯಿಂದ ಉಳಿಯದು.

ಅಧ್ಯಾಪಕರಾದ ನಮಗೆ ಇಲ್ಲೊಂದು ವಿಶೇಷ ಋಣವಿದೆ. ಅರಳಗುಪ್ಪೆಯ ಚೆನ್ನಕೇಶವ ದೇವಾಲಯವನ್ನು ಕೆತ್ತಿದ ಶಿಲ್ಪಿಯ ಹೆಸರು ಹೊನ್ನೋಜ. ಬೇಲೂರಿನಲ್ಲಿ ಕೆಲಸ ಮಾಡಿದವರಲ್ಲಿ ಬಳ್ಳಿಗಾವೆಯ ದಾಸೋಜ ಒಬ್ಬ. ಈ ಹೆಸರುಗಳ ಕೊನೆಯ ‘ಓಜ’ ಎಂಬುದು ಸಂಸ್ಕೃತದ ಉಪಾಧ್ಯಾಯ ಶಬ್ದದ ತದ್ಭವ. ಕಲ್ಲು ಕೆತ್ತುವವನನ್ನೂ ಲೋಹ ಬಡಿಯುವವನನ್ನೂ ಅಕ್ಷರ ಕಲಿಸುವವನನ್ನೂ ನಮ್ಮ ನುಡಿ ಒಂದೇ ಪದದಿಂದ ಗೌರವಿಸಿತು. ಆ ಶಿಲ್ಪಿಗಳ ಉಳಿಯನ್ನು ದಿನವೂ ಹದ ಹಾಕಿಕೊಟ್ಟವನು ಕಮ್ಮಾರ. ೯೪೧ರಲ್ಲಿ ಪಂಪ ರಚಿಸಿದ ಕಾವ್ಯ ನಮ್ಮವರೆಗೆ ಬಂದದ್ದು ಓಲೆಗರಿಯ ಮೇಲೆ. ಓಲೆಯನ್ನು ಅಳತೆಗೆ ಕತ್ತರಿಸಿದ್ದು ಕತ್ತಿ, ಅದರ ಮೇಲೆ ಅಕ್ಷರ ಕೊರೆದದ್ದು ಕಬ್ಬಿಣದ ಕಂಠ. ಕುಲುಮೆಯಿಲ್ಲದೆ ಹೋಗಿದ್ದರೆ ಕನ್ನಡದ ಕಾವ್ಯ ಬಾಯಿಂದ ಬಾಯಿಗಷ್ಟೇ ಬರಬೇಕಾಗಿತ್ತು.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವರ್ಷಕ್ಕೊಂದು ದಿನ ವಿದ್ಯಾರ್ಥಿಗಳನ್ನು ಹತ್ತಿರದ ಕುಲುಮೆಗೆ ಕರೆದುಕೊಂಡು ಹೋಗಲಿ. ತಿದಿ, ಇಕ್ಕಳ, ಅಡಿಗಲ್ಲು, ಹದ, ಅಲಗು, ಕಾವು ಎಂಬ ಮಾತುಗಳನ್ನು ನಿಘಂಟಿನಿಂದ ಅಲ್ಲ, ಅವುಗಳನ್ನು ಹಿಡಿದ ಕೈಯಿಂದ ಅವರು ಕಲಿಯಲಿ, ಸಿಕ್ಕಷ್ಟನ್ನು ಬರೆದಿಡಲಿ. ತೋಟವುಳ್ಳವರು ಮುಂದಿನ ಮಹಾನವಮಿಗೆ ಮಚ್ಚನ್ನು ತೊಳೆದು ಕುಂಕುಮವಿಟ್ಟು ಕೈಮುಗಿಯುವ ಮೊದಲು ಅದನ್ನು ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರಲಿ. ಹದ ತಪ್ಪಿದ ಅಲಗಿಗೆ ಎಷ್ಟು ಕುಂಕುಮ ಹಚ್ಚಿದರೂ ಅದು ಕೊಯ್ಯುವುದಿಲ್ಲ. ಕೆಲಸವಿಲ್ಲದ ಕಮ್ಮಾರನಿಗೆ ಎಷ್ಟು ಕೈಮುಗಿದರೂ ಅವನ ಒಲೆ ಉರಿಯುವುದಿಲ್ಲ.